ಸರದಲ್ಲಿ ಕ್ರಮ, ಕೋಶದಲ್ಲಿ ಹೆಸರು

ಚಾಮರಾಜನಗರದಿಂದ ದಿಂಬಂ ಘಾಟಿ ಇಳಿದು ಸತ್ಯಮಂಗಲ ಸೇರಿ, ಅಲ್ಲಿಂದ ಪಡುವಣಕ್ಕೆ ಮೇಟ್ಟುಪಾಳೆಯಂ ರಸ್ತೆ ಹಿಡಿದರೆ ನೀಲಗಿರಿಯ ತಪ್ಪಲು ಮುಟ್ಟುವ ಸ್ವಲ್ಪ ಮೊದಲು ಸಿರುಮುಗೈ ಸಿಗುತ್ತದೆ. ಭವಾನಿ ಹೊಳೆಯ ಬಳಿಯ ಈ ಊರಿಗೆ ಹೆಸರು ತಂದದ್ದು ಕೈಮಗ್ಗದ ಸೀರೆ. ಮೈಮೇಲೆ ಭಾರವಾಗದ ಸಾಫ್ಟ್ ಸಿಲ್ಕ್ ಒಂದು ಬಗೆ, ಹತ್ತಿಯೂ ರೇಷ್ಮೆಯೂ ಬೆರೆತ ಕೋರಾ ಇನ್ನೊಂದು ಬಗೆ. ಕೊಯಮತ್ತೂರು ಸೀಮೆಯ ಕೋರಾ ಸೀರೆಗೆ ‘ಕೋವೈ ಕೋರಾ ಕಾಟನ್’ ಎಂಬ ಹೆಸರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಕನ್ನಡಿಗರಿಗೆ ಈ ಸೀಮೆ ಹೊರಗಿನದೇನಲ್ಲ. ಕೊಯಮತ್ತೂರು ಕಡೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಬೀದಿಗೆ ತಮಿಳು, ಒಳಗೆ ಕನ್ನಡ. ಅವರ ಕುಲದೇವತೆ ಚೌಡೇಶ್ವರಿ ಇಲ್ಲಿ ಸೌಡಾಂಬಿಗೈ ಆಗಿದ್ದಾಳೆ. ಸಿರುಮುಗೈಯ ಕೈಮಗ್ಗ ನೇಕಾರರ ಸಹಕಾರ ಸಂಘವೊಂದರ ಹೆಸರೇ ಶ್ರೀ ರಾಮಲಿಂಗ ಸೌಡಾಂಬಿಗೈ.

ಇಂಥ ಊರಿನ ಮಗ್ಗದ ನೆತ್ತಿಯ ಮೇಲೆ ಕೂತು ವಿನ್ಯಾಸ ಮೂಡಿಸುವ ಜಕಾರ್ಡ್ ಪೆಟ್ಟಿಗೆಗೂ ಇವತ್ತಿನ ಪ್ರೋಗ್ರಾಮರ್ ದಿನಕ್ಕೆ ಹತ್ತು ಸಲ ಬರೆಯುವ ಒಂದು ಪುಟ್ಟ ಲೂಪ್‌ಗೂ ನೇರ ಸಂಬಂಧವಿದೆ. ಸರಣಿಯಲ್ಲಿರುವುದನ್ನು ಒಂದೊಂದಾಗಿ ತೆಗೆ, ಓದು, ಕಣ್ಣಿಗೆ ಕಾಣುವಂತೆ ಹೊರಗಿಡು: ಎರಡೂ ಮಾಡುವ ಕೆಲಸ ಇಷ್ಟೇ. ಆದರೆ ಮಗ್ಗದಲ್ಲಿ ತಾನಾಗಿ ಒದಗಿಬರುವ ಒಂದು ಗುಣವನ್ನು, ಹೆಸರು ಹೇಳಿದರೆ ವಸ್ತು ತೆಗೆದುಕೊಡುವ ಕಂಪ್ಯೂಟರ್‌ನ ಡಿಕ್ಷನರಿ ದಶಕಗಳ ಕಾಲ ಕೊಡಲಾರದೆ ಹೋಯಿತು. ಅದೇ ಕ್ರಮ.

ಪೆಟ್ಟಿಗೆಯೊಳಗೆ ಆಗುವುದನ್ನು ಹತ್ತಿರದಿಂದ ನೋಡಬೇಕು. ಲಂಬವಾಗಿ ನಿಂತ ಕೊಕ್ಕೆಗಳು ಸಾಲುಸಾಲಾಗಿವೆ. ಕೈಮಗ್ಗದಲ್ಲಿ ಸಾಮಾನ್ಯವಾಗಿ 120, 240, 400 ಕೊಕ್ಕೆಯ ಪೆಟ್ಟಿಗೆಗಳು ಬಳಕೆಯಲ್ಲಿವೆ. ಪ್ರತಿ ಕೊಕ್ಕೆಯ ಬುಡಕ್ಕೆ ಕಟ್ಟಿದ ದಾರಗಳು ಕೆಳಗಿಳಿದು ಹಾಸಿನ ಎಳೆಗಳನ್ನು ಹಿಡಿದಿವೆ. ಪ್ರತಿ ಕೊಕ್ಕೆಯನ್ನೂ ಅಡ್ಡಲಾಗಿ ಒಂದು ಸೂಜಿ ತಬ್ಬಿಕೊಂಡಿದೆ. ಸೂಜಿಗಳ ಮೊನೆಯೆಲ್ಲ ಒಂದೇ ಕಡೆಗೆ ಚಾಚಿಕೊಂಡಿದ್ದು, ಎದುರಿಗೆ ನಾಲ್ಕು ಮುಖದ ಮರದ ದಿಮ್ಮಿಯಿದೆ. ಅದರ ಮೈತುಂಬ ತೂತು. ತೂತು ಕೊರೆದ ರಟ್ಟು ಆ ದಿಮ್ಮಿಯ ಮುಖಕ್ಕೆ ಅಂಟಿಕೊಂಡು ಕೂರುತ್ತದೆ.

ನೇಕಾರ ಕಾಲಲ್ಲಿ ತುಳಿದ. ದಿಮ್ಮಿ ಮುಂದೆ ಬಂದು ರಟ್ಟನ್ನು ಸೂಜಿಗಳ ಮೇಲೆ ಒತ್ತುತ್ತದೆ. ರಟ್ಟಿನಲ್ಲಿ ತೂತಿದ್ದ ಕಡೆ ಸೂಜಿ ಒಳಗೆ ನುಸುಳುತ್ತದೆ, ಅದರ ಕೊಕ್ಕೆ ಅಲ್ಲಾಡುವುದಿಲ್ಲ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಿಸಿಕೊಂಡು ಕೊಕ್ಕೆಯನ್ನು ಓರೆ ಮಾಡುತ್ತದೆ. ಆಗ ಕತ್ತಿಯ ಅಲಗಿನಂಥ ಪಟ್ಟಿಗಳಿರುವ ಚೌಕಟ್ಟು ಮೇಲೇಳುತ್ತದೆ. ನೆಟ್ಟಗೆ ನಿಂತ ಕೊಕ್ಕೆಗಳು ಅದಕ್ಕೆ ಸಿಕ್ಕಿ ತಮ್ಮ ಎಳೆಗಳನ್ನು ಎತ್ತುತ್ತವೆ, ಓರೆಯಾದವು ತಪ್ಪಿಸಿಕೊಂಡು ಕೆಳಗೇ ಉಳಿಯುತ್ತವೆ. ಎದ್ದ ಎಳೆಗೂ ಉಳಿದ ಎಳೆಗೂ ನಡುವೆ ಬಿಟ್ಟ ಸಂದಿನಲ್ಲಿ ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ. ಒಂದು ಹೊಕ್ಕು ಮುಗಿಯಿತು. ಕಾಲು ತೆಗೆದರೆ ದಿಮ್ಮಿ ಹಿಂದೆ ಸರಿದು ಕಾಲುಸುತ್ತು ತಿರುಗುತ್ತದೆ, ಮುಂದಿನ ರಟ್ಟು ಎದುರಿಗೆ ಬರುತ್ತದೆ.

ಹೀಗೆ ಒಂದು ರಟ್ಟಿಗೆ ಒಂದು ಹೊಕ್ಕು. ರಟ್ಟುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಸರ ಮಾಡಿ, ಕೊನೆಯದನ್ನು ಮೊದಲನೆಯದಕ್ಕೆ ಹೊಲಿದುಬಿಟ್ಟರೆ ಆ ಸರಕ್ಕೆ ತುದಿಯೇ ಇರುವುದಿಲ್ಲ. ಇಂಚಿಗೆ 60 ಹೊಕ್ಕು ಎಂದು ಹಿಡಿದರೆ ಐದೂವರೆ ಮೀಟರ್ ಸೀರೆಗೆ ಸುಮಾರು 13,000 ಹೊಕ್ಕು ಬೇಕು. ಅಂಚಿನ ವಿನ್ಯಾಸ 200 ರಟ್ಟಿನದಾದರೆ ಸರ ಒಂದು ಸೀರೆಗೆ 65 ಸುತ್ತು ಹೊಡೆಯುತ್ತದೆ. ಉದ್ದಕ್ಕೆ ನಡೆಯುವ ಪುನರಾವರ್ತನೆ ಇದು. ಅಗಲಕ್ಕೆ ಬೇರೆಯೇ ಒಂದು ಪುನರಾವರ್ತನೆಯಿದೆ: ಒಂದೇ ಕೊಕ್ಕೆಗೆ ನಾಲ್ಕಾರು ದಾರ ಕಟ್ಟಿದರೆ ಒಂದೇ ಬುಟ್ಟಾ ಸೀರೆಯ ಅಗಲದಲ್ಲಿ ನಾಲ್ಕಾರು ಕಡೆ ಮೂಡುತ್ತದೆ. ಲೂಪಿನೊಳಗೆ ಲೂಪ್ ಎಂದು ಪ್ರೋಗ್ರಾಮರ್‌ಗಳು ಹೇಳುವುದನ್ನು ಮಗ್ಗ ದಾರದಲ್ಲಿ ಕಟ್ಟಿಟ್ಟಿದೆ. ತಪ್ಪಿನ ಸ್ವಭಾವವೂ ಎರಡೂ ಕಡೆ ಒಂದೇ. ಒಂದು ರಟ್ಟಿನಲ್ಲಿ ಒಂದು ತೂತು ಜಾಗ ತಪ್ಪಿದರೆ ಅದು ಒಂದು ಕಡೆ ಕಂಡು ಸುಮ್ಮನಾಗುವುದಿಲ್ಲ, 65 ಕಡೆಯೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಯಂತ್ರ ಒಬ್ಬನ ತಲೆಯಿಂದ ಒಂದೇ ದಿನ ಹುಟ್ಟಿದ್ದಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ 1725ರಲ್ಲಿ ಬಸೀಲ್ ಬುಶೋಂ ತೂತು ಕೊರೆದ ಕಾಗದದ ಸುರುಳಿಯನ್ನು ಮಗ್ಗಕ್ಕೆ ತಂದ. 1728ರಲ್ಲಿ ಜೀನ್ ಬ್ಯಾಪ್ಟಿಸ್ಟ್ ಫಾಲ್ಕೋಂ ಸುರುಳಿಯ ಬದಲು ಪೋಣಿಸಿದ ರಟ್ಟುಗಳನ್ನು ಬಳಸಿದ. 1745ರಲ್ಲಿ ಜಾಕ್ ದ ವೋಕಾನ್‌ಸೋಂ ಮನುಷ್ಯರ ನೆರವಿಲ್ಲದೆ ಎಳೆ ಎತ್ತುವ ಯಂತ್ರ ಮಾಡಿದ. ಇವೆಲ್ಲವನ್ನೂ ಸೇರಿಸಿ, ಕೆಲಸಕ್ಕೆ ಬರುವ ಹಾಗೆ 1804ರಲ್ಲಿ ಕಟ್ಟಿಕೊಟ್ಟವನು ಜೋಸೆಫ್ ಮರೀ ಜಕಾರ್ಡ್. ಅವನು ತೀರಿಕೊಂಡ ಐದು ವರ್ಷಕ್ಕೆ, 1839ರಲ್ಲಿ, ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯಲಾಯಿತು. ಅದಕ್ಕೆ ಬಳಸಿದ ರಟ್ಟು 24,000.

ಆ ರೇಷ್ಮೆ ಚಿತ್ರದ ಒಂದು ಪ್ರತಿ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ ಬಳಿ ಇತ್ತು. ಲೆಕ್ಕ ಮಾಡುವ ತನ್ನ ಅನಲಿಟಿಕಲ್ ಎಂಜಿನ್ನಿಗೆ ಅವನು ರಟ್ಟುಗಳನ್ನೇ ಆರಿಸಿಕೊಂಡ. ಮಗ್ಗದಲ್ಲಿ ಸರ ಮುಂದಕ್ಕಷ್ಟೇ ನಡೆದರೆ ಸಾಕಿತ್ತು, ಬ್ಯಾಬೇಜ್‌ಗೆ ಅಷ್ಟು ಸಾಲಲಿಲ್ಲ. ಬೇಕಾದಷ್ಟು ರಟ್ಟು ಹಿಂದಕ್ಕೆ ಸುತ್ತಿ, ಅದೇ ಗುಂಪನ್ನು ಮತ್ತೆ ಓದಿಸುವ ಏರ್ಪಾಡನ್ನು ಅವನು ನಕ್ಷೆಯಲ್ಲಿ ಸೇರಿಸಿದ. 1843ರ ತನ್ನ ಟಿಪ್ಪಣಿಗಳಲ್ಲಿ ಏಡಾ ಲವ್‌ಲೇಸ್ ಇಂಥ ಆವರ್ತಗಳನ್ನು ವಿಸ್ತಾರವಾಗಿ ಚರ್ಚಿಸಿದಳು. ಇಂದಿನ ಪ್ರೋಗ್ರಾಮುಗಳಲ್ಲಿರುವ ಲೂಪ್‌ನ ವಂಶಾವಳಿ ಬರೆಯುವುದಾದರೆ ಮೊದಲ ಹೆಸರುಗಳು ಇಲ್ಲಿಂದ ಬರಬೇಕು.

ಸರದಲ್ಲಿ ಕ್ರಮವುಂಟು, ಹೆಸರಿಲ್ಲ. ಮೂವತ್ತನೆಯ ರಟ್ಟಿಗೆ ತಾನು ಹಂಸದ ಕೊರಳೋ ಕಮಲದ ದಳವೋ ಗೊತ್ತಿಲ್ಲ. ಇಪ್ಪತ್ತೊಂಬತ್ತರ ನಂತರ ಬಂದದ್ದೇ ಅದರ ಗುರುತು. ಅದಕ್ಕೇ ಸರ ಕಟ್ಟುವವರು ರಟ್ಟಿನ ಮೇಲೆ ಸಂಖ್ಯೆ ಬರೆಯುತ್ತಾರೆ. ದಾರ ಹರಿದು ರಟ್ಟು ಚದುರಿದರೆ ಮತ್ತೆ ಜೋಡಿಸುವುದಕ್ಕೆ ಬೇರೆ ದಾರಿಯಿಲ್ಲ. ಕಂಪ್ಯೂಟರ್‌ನವರೂ ಇದನ್ನೇ ಮಾಡಿದರು. ಐಬಿಎಂ 1928ರಲ್ಲಿ ತಂದ 80 ಕಂಬಸಾಲಿನ ಕಾರ್ಡಿನಲ್ಲಿ ಫೋರ್ಟ್ರಾನ್ ಬರೆಯುವಾಗ 73ರಿಂದ 80ರವರೆಗಿನ ಜಾಗವನ್ನು ಕಂಪೈಲರ್ ಓದುತ್ತಿರಲಿಲ್ಲ, ಅಲ್ಲಿ ಕಾರ್ಡಿನ ಕ್ರಮಸಂಖ್ಯೆ ಕೊರೆದಿಡುತ್ತಿದ್ದರು. ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಆ ಸಂಖ್ಯೆಯೇ ಗತಿ.

ಈಗ ನೇಕಾರರ ಸಂಘವೊಂದು ತನ್ನ ವಿನ್ಯಾಸಗಳನ್ನು ಕಂಪ್ಯೂಟರ್‌ಗೆ ಏರಿಸುತ್ತದೆ ಎಂದಿಟ್ಟುಕೊಳ್ಳೋಣ. ಕೇಳುವವರು ಸಂಖ್ಯೆ ಹೇಳಿ ಕೇಳುವುದಿಲ್ಲ, ‘ಹಂಸದ್ದು ತೋರಿಸಿ’ ಎನ್ನುತ್ತಾರೆ. ಹೆಸರು ಕೊಟ್ಟರೆ ವಸ್ತು ಸಿಗುವ ಈ ಏರ್ಪಾಡಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡಿಕ್ಷನರಿ, ಅಂದರೆ ಕೋಶ, ಎಂದು ಹೆಸರು. ಎಡಕ್ಕೆ ಕೀಲಿ, ಬಲಕ್ಕೆ ವಸ್ತು. ಕೀಲಿ ‘ಹಂಸ’ ಎಂಬ ಪದವಾದರೆ, ವಸ್ತು ಸೀರೆ ಎಂಬ ವರ್ಗಕ್ಕೆ ಸೇರಿದ ಒಂದು ಆಬ್ಜೆಕ್ಟ್: ಅದರೊಳಗೆ ಬಣ್ಣ, ಅಂಚಿನ ಅಗಲ, ರಟ್ಟಿನ ಸಂಖ್ಯೆ ಎಲ್ಲವೂ ಸೇರಿವೆ. ಕೋಶದಲ್ಲಿರುವುದನ್ನೆಲ್ಲ ಅಚ್ಚು ಮಾಡಿಸಬೇಕೆಂದರೆ ಎರಡೇ ಸಾಲು ಸಾಕು:

ಫಾರ್ ಹೆಸರು, ವಸ್ತು ಇನ್ ಕೋಶ.ಐಟಮ್ಸ್():
    ಪ್ರಿಂಟ್(ಹೆಸರು, ವಸ್ತು)

ಫಾರ್, ಇನ್, ಐಟಮ್ಸ್, ಪ್ರಿಂಟ್ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಆದರೆ ‘ಹೆಸರು’, ‘ವಸ್ತು’, ‘ಕೋಶ’ ಎಂಬ ಚರಾಕ್ಷರಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3.0 ಆವೃತ್ತಿಯಿಂದ ಈ ಸ್ವಾತಂತ್ರ್ಯವಿದೆ. ಶಾಲೆಯಲ್ಲಿ ಕನ್ನಡ ಓದಿ ಪ್ರೋಗ್ರಾಮಿಂಗ್ ಕಲಿಯಲು ಬರುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

‘ಐಟಮ್ಸ್’ ಎಂಬುದನ್ನು ಬಿಟ್ಟು ಬರೀ ಕೋಶದ ಮೇಲೆ ಲೂಪ್ ಓಡಿಸಿದರೆ ಕೀಲಿಗಳು ಮಾತ್ರ ಬರುತ್ತವೆ: ಹಂಸ, ಕಮಲ, ಆನೆ. ಹೊಸಬರು ಮೊದಲು ಎಡವುವುದು ಇಲ್ಲಿ. ‘ಐಟಮ್ಸ್’ ಕೇಳಿದರೆ ಕೀಲಿಯೂ ವಸ್ತುವೂ ಜೋಡಿಯಾಗಿ ಬರುತ್ತವೆ, ‘ವ್ಯಾಲ್ಯೂಸ್’ ಕೇಳಿದರೆ ವಸ್ತು ಮಾತ್ರ.

ಎರಡನೆಯ ಎಡವು ಇನ್ನೂ ಗಟ್ಟಿಯಾದದ್ದು. ಮೇಲಿನ ಎರಡು ಸಾಲು ಓಡಿಸಿದಾಗ ‘ಹಂಸ’ ಎಂಬ ಹೆಸರಿನ ಪಕ್ಕದಲ್ಲಿ ಬಣ್ಣವಿಲ್ಲ, ಅಂಚಿಲ್ಲ. ‘ಸೀರೆ ವರ್ಗದ ಆಬ್ಜೆಕ್ಟ್, ಇಂಥ ವಿಳಾಸದಲ್ಲಿದೆ’ ಎಂಬ ಅರ್ಥದ ಒಂದು ಸಾಲು, ಅದರ ಕೊನೆಗೆ ಸೊನ್ನೆ-ಎಕ್ಸ್ ಎಂದು ಶುರುವಾಗುವ ಅಂಕಿ-ಅಕ್ಷರಗಳ ಉದ್ದನೆಯ ಸರಣಿ. ಯಂತ್ರ ಕೆಟ್ಟಿತೇನೋ ಎನ್ನಿಸುತ್ತದೆ. ಕೆಟ್ಟಿಲ್ಲ, ಅದು ಪ್ರಾಮಾಣಿಕವಾಗಿ ಉತ್ತರಿಸಿದೆ. ಸೀರೆ ಎಂಬ ವರ್ಗ ಪ್ರೋಗ್ರಾಮರ್ ಕಟ್ಟಿದ್ದು. ಅದನ್ನು ಓದುಗರಿಗೆ ಹೇಗೆ ತೋರಿಸಬೇಕೆಂದು ಪೈಥಾನ್‌ಗೆ ಯಾರೂ ಹೇಳಿಲ್ಲ. ಅದಕ್ಕೆ ಖಚಿತವಾಗಿ ಗೊತ್ತಿರುವುದು ವರ್ಗದ ಹೆಸರು ಮತ್ತು ಮೆಮೊರಿಯಲ್ಲಿ ಆ ವಸ್ತು ಕೂತ ಜಾಗ. ಸಾಮಾನ್ಯವಾಗಿ ಬಳಸುವ ಪೈಥಾನ್‌ನಲ್ಲಿ ಕೊನೆಯ ಅಂಕಿಗಳು ಆ ಜಾಗದ ವಿಳಾಸವೇ.

ಹೇಳಿಕೊಡುವ ದಾರಿ ಎರಡು. ವರ್ಗದ ಒಳಗೆ ಎರಡೂ ಬದಿಗೆ ಜೋಡಿ ಅಡಿಗೆರೆ ಇರುವ ‘ಸ್ಟ್ರ್’ ಎಂಬ ವಿಧಾನವನ್ನು ಬರೆದರೆ ಪ್ರಿಂಟ್ ಅದನ್ನು ಕರೆದು, ಅದು ಕೊಟ್ಟ ಪಠ್ಯವನ್ನು ಅಚ್ಚಿಸುತ್ತದೆ. ಇದು ಕೊಳ್ಳುವವರ ಕಣ್ಣಿಗೆ: ‘ಮಾವಿನ ಚಿಗುರಿನ ಬಣ್ಣ, ಹಂಸದ ಅಂಚು’. ಅದೇ ಬಗೆಯಲ್ಲಿ ಬರೆಯುವ ‘ರೆಪ್ರ್’ ಎಂಬುದು ಪ್ರೋಗ್ರಾಮರ್ ಕಣ್ಣಿಗೆ: ವರ್ಗ ಯಾವುದು, ಒಳಗಿನ ಬೆಲೆಗಳು ಯಾವುವು ಎಂದು ಗೊಂದಲವಿಲ್ಲದೆ ತಿಳಿಸುವುದು ಅದರ ಕೆಲಸ. ‘ಸ್ಟ್ರ್’ ಇಲ್ಲದಿದ್ದರೆ ಪ್ರಿಂಟ್ ‘ರೆಪ್ರ್’ ಬಳಿ ಹೋಗುತ್ತದೆ. ‘ರೆಪ್ರ್’ ಇಲ್ಲದಿದ್ದರೆ ‘ಸ್ಟ್ರ್’ ಬಳಿ ಹೋಗುವುದಿಲ್ಲ.

ಇದರಿಂದ ಹುಟ್ಟುವ ಒಂದು ವಿಚಿತ್ರವನ್ನು ಅನುಭವಿಗಳೂ ಮರೆಯುತ್ತಾರೆ. ‘ಸ್ಟ್ರ್’ ಮಾತ್ರ ಬರೆದಿಟ್ಟು, ಲೂಪ್ ಓಡಿಸಿ ಒಂದೊಂದನ್ನೇ ಅಚ್ಚಿಸಿದರೆ ಎಲ್ಲ ಚಂದವಾಗಿ ಬರುತ್ತದೆ. ಲೂಪ್ ಏಕೆ ಬೇಕೆಂದು ಇಡೀ ಕೋಶವನ್ನೇ ಪ್ರಿಂಟ್‌ಗೆ ಕೊಟ್ಟರೆ ಮತ್ತೆ ಅದೇ ವಿಳಾಸಗಳ ಸಾಲು. ಡಿಕ್ಷನರಿ ತನ್ನೊಳಗಿನ ವಸ್ತುಗಳನ್ನು ತೋರಿಸುವಾಗ ‘ರೆಪ್ರ್’ ಅನ್ನೇ ಕೇಳುತ್ತದೆ. ಹಾಗಾಗಿ ಹೊಸ ವರ್ಗ ಬರೆದ ದಿನವೇ ಅದಕ್ಕೊಂದು ‘ರೆಪ್ರ್’ ಬರೆದುಬಿಡುವುದು ಒಳ್ಳೆಯ ಅಭ್ಯಾಸ. ತಪ್ಪು ಹುಡುಕುವ ರಾತ್ರಿ ಅದರ ಬೆಲೆ ತಿಳಿಯುತ್ತದೆ.

ಇನ್ನು ಕ್ರಮದ ಮಾತು. ಹೆಸರು ಕೊಟ್ಟ ತಕ್ಷಣ ವಸ್ತು ಸಿಗಬೇಕಾದರೆ ಮೊದಲಿನಿಂದ ಕೊನೆಯವರೆಗೆ ಹುಡುಕುತ್ತ ಕೂರಲಾಗುವುದಿಲ್ಲ. ಹೆಸರನ್ನೇ ಒಂದು ಸಂಖ್ಯೆಯಾಗಿ ಮಾಡಿ, ಆ ಸಂಖ್ಯೆಯಿಂದ ಖಾನೆ ಹೇಳುವ ಉಪಾಯಕ್ಕೆ ಹ್ಯಾಶಿಂಗ್ ಎನ್ನುತ್ತಾರೆ. ಸರಳ ಮಾದರಿಯೊಂದನ್ನು ಕೈಯಲ್ಲೇ ಮಾಡಿ ನೋಡಬಹುದು. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಗುಣಿತದ ಗುರುತಿಗೂ ಒಂದೊಂದು ಸಂಖ್ಯೆಯಿದೆ. ಕ 3221, ಮ 3246, ಲ 3250. ‘ಕಮಲ’ದ ಮೊತ್ತ 9717. ಎಂಟರಿಂದ ಭಾಗಿಸಿದರೆ ಶೇಷ 5. ಸೊನ್ನೆಯಿಂದ ಏಳರವರೆಗಿನ ಎಂಟು ಖಾನೆಗಳಲ್ಲಿ ಕಮಲಕ್ಕೆ ಐದನೆಯದು. ‘ಹಂಸ’ದ ಮೊತ್ತ 9715, ಖಾನೆ 3. ‘ಆನೆ’ಯ ಮೊತ್ತ 9716, ಖಾನೆ 4. ‘ಚಕ್ರ’ದ ಮೊತ್ತ ಅರ್ಧಾಕ್ಷರದ ಗುರುತನ್ನೂ ಸೇರಿಸಿ 12,972, ಶೇಷ ಮತ್ತೆ 4. ಅಲ್ಲಿ ಆನೆ ಇದೆ, ಮುಂದಿನ ಐದರಲ್ಲಿ ಕಮಲವಿದೆ. ಚಕ್ರ ಆರನೆಯ ಖಾನೆಗೆ ಹೋಗಬೇಕು. ಪೈಥಾನ್ ಬಳಸುವ ಸೂತ್ರ ಇದಕ್ಕಿಂತ ಬಹಳ ಜಟಿಲ, ಹಾದಿ ಮಾತ್ರ ಇದೇ.

ಸಂಘದವರು ಸೇರಿಸಿದ ಕ್ರಮ ಕಮಲ, ಹಂಸ, ಆನೆ, ಚಕ್ರ. ಖಾನೆಗಳನ್ನು ಸೊನ್ನೆಯಿಂದ ಓದುತ್ತ ಹೋದರೆ ಬರುವ ಕ್ರಮ ಹಂಸ, ಆನೆ, ಕಮಲ, ಚಕ್ರ. ಹಳೆಯ ಪೈಥಾನ್ ಲೂಪ್ ಹೀಗೆಯೇ ನಡೆಯುತ್ತಿತ್ತು. ಹುಡುಕಲು ಮಿಂಚಿನ ವೇಗ, ಅಚ್ಚಿಸಲು ಮಾತ್ರ ಕಲಸುಮೇಲೋಗರ. 2012ರ ಪೈಥಾನ್ 3.3ರಿಂದ ಇನ್ನೊಂದು ತೊಡಕು ಸೇರಿತು. ದುರುದ್ದೇಶದಿಂದ ಒಂದೇ ಖಾನೆಗೆ ಸಾವಿರಾರು ಹೆಸರು ಬೀಳಿಸಿ ಸರ್ವರ್‌ಗಳನ್ನು ಉಸಿರುಕಟ್ಟಿಸುವುದನ್ನು ತಡೆಯಲು, ಪದಗಳ ಹ್ಯಾಶ್ ಸೂತ್ರಕ್ಕೆ ಪ್ರತಿ ಸಲವೂ ಬೇರೆ ಗುಟ್ಟಿನ ಸಂಖ್ಯೆ ಬೆರೆಸತೊಡಗಿದರು. ಭದ್ರತೆಗೆ ಅದು ಬೇಕಿತ್ತು. ಆದರೆ ಬೆಳಿಗ್ಗೆ ಓಡಿಸಿದಾಗ ಒಂದು ಕ್ರಮ, ಸಂಜೆಗೆ ಇನ್ನೊಂದು.

ಹ್ಯಾಶಿಂಗ್‌ನ ಹುಟ್ಟಿನಲ್ಲೂ ಬಟ್ಟೆಯ ಎಳೆಯಿದೆ. 1953ರ ಜನವರಿಯಲ್ಲಿ ಐಬಿಎಂನೊಳಗೆ ಈ ಉಪಾಯವನ್ನು ಟಿಪ್ಪಣಿಯಾಗಿ ಬರೆದಿಟ್ಟವನು ಹಾನ್ಸ್ ಪೀಟರ್ ಲೂನ್. 1896ರಲ್ಲಿ ಜರ್ಮನಿಯ ಬಾರ್ಮೆನ್ ಎಂಬ ಜವಳಿ ಪಟ್ಟಣದಲ್ಲಿ ಹುಟ್ಟಿದವನು. ಜವಳಿ ಉದ್ಯಮದಲ್ಲಿ ದುಡಿಯುತ್ತ ಅಮೆರಿಕಕ್ಕೆ ಹೋಗಿ, ಅಲ್ಲಿ ‘ಲೂನೋಮೀಟರ್’ ಎಂಬ ಸಾಧನ ಕಂಡುಹಿಡಿದ: ಗೆರೆ ಕೊರೆದ ಪಾರದರ್ಶಕ ಪಟ್ಟಿಯನ್ನು ಬಟ್ಟೆಯ ಮೇಲಿಟ್ಟರೆ ಇಂಚಿಗೆ ಎಷ್ಟು ಎಳೆಯೆಂದು ತೋರುತ್ತದೆ. 1941ರಲ್ಲಿ ಐಬಿಎಂ ಸೇರಿದ. ಬ್ಯಾಂಕ್ ಕಾರ್ಡಿನ ಸಂಖ್ಯೆ ತಪ್ಪಾಗಿ ಒತ್ತಿದರೆ ಕೂಡಲೇ ಹಿಡಿಯುವ ಲೆಕ್ಕವೂ ಅವನದೇ. ಹೀಗೆ ಲೂಪ್ ಮಗ್ಗದಿಂದ ಬಂತು, ಡಿಕ್ಷನರಿ ಎಳೆ ಎಣಿಸಿದವನಿಂದ ಬಂತು. ಕಂಪ್ಯೂಟರ್ ವಿಜ್ಞಾನದ ಪಾಠಗಳಲ್ಲಿ ಜವಳಿಯವರ ಈ ಪಾಲನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ಅನ್ಯಾಯ.

ಹೆಸರೂ ಬೇಕು, ಕ್ರಮವೂ ಬೇಕು ಎಂಬ ಆಸೆ ಈಡೇರಿದ್ದು ಹತ್ತಿರದ ಕಾಲದಲ್ಲಿ. ಪೈಥಾನ್ ಬಳಗದ ರೇಮಂಡ್ ಹೆಟಿಂಗರ್ 2012ರಲ್ಲಿ ಒಂದು ಸಲಹೆ ಮುಂದಿಟ್ಟರು. ವಸ್ತುಗಳನ್ನು ಖಾನೆಗಳಲ್ಲಿ ಚದುರಿಸಿ ಇಡುವುದು ಬೇಡ. ಬಂದ ಕ್ರಮದಲ್ಲೇ ಒತ್ತೊತ್ತಾಗಿ ಸಾಲಾಗಿಡಿ. ಖಾನೆಗಳಲ್ಲಿ ವಸ್ತುವಿನ ಬದಲು, ಆ ಸಾಲಿನಲ್ಲಿ ಎಷ್ಟನೆಯದು ಎಂಬ ಸಣ್ಣ ಸಂಖ್ಯೆಯನ್ನಷ್ಟೇ ಬರೆಯಿರಿ. ನಮ್ಮ ಮಾದರಿಯಲ್ಲಿ ಸಾಲು ಹೀಗಾಯಿತು: 0 ಕಮಲ, 1 ಹಂಸ, 2 ಆನೆ, 3 ಚಕ್ರ. ಖಾನೆ 3ರಲ್ಲಿ ‘1’, ಖಾನೆ 4ರಲ್ಲಿ ‘2’, ಖಾನೆ 5ರಲ್ಲಿ ‘0’, ಖಾನೆ 6ರಲ್ಲಿ ‘3’. ‘ಹಂಸ’ ಬೇಕಾದವರು ಖಾನೆ 3 ನೋಡಿ ಸಾಲಿನ 1ಕ್ಕೆ ಹೋಗುತ್ತಾರೆ. ಎಲ್ಲವೂ ಬೇಕಾದವರು ಖಾನೆಗಳ ಗೊಡವೆಗೇ ಹೋಗದೆ ಸಾಲನ್ನು ಓದಿಕೊಂಡು ಹೋಗುತ್ತಾರೆ, ರಟ್ಟಿನ ಸರ ಓದುವ ಹಾಗೆ.

ಇನಾಡಾ ನವೋಕಿ ಇದನ್ನು ಜಾರಿಗೆ ತಂದರು. 2016ರ ಡಿಸೆಂಬರ್‌ನ ಪೈಥಾನ್ 3.6ರಲ್ಲಿ ಡಿಕ್ಷನರಿ ಹಿಂದಿನದಕ್ಕಿಂತ ಶೇ. 20ರಿಂದ 25ರಷ್ಟು ಕಡಿಮೆ ಮೆಮೊರಿ ತಿನ್ನತೊಡಗಿತು. ಕ್ರಮ ಉಳಿದದ್ದು ಅದರ ಜೊತೆಗೆ ಬಂದ ಲಾಭ, ಅದನ್ನು ನಂಬಬೇಡಿ ಎಂದು ಆಗ ಎಚ್ಚರಿಸಿದ್ದರು. 2018ರ ಜೂನ್‌ನ 3.7ರಲ್ಲಿ ಸೇರಿಸಿದ ಕ್ರಮದಲ್ಲೇ ಲೂಪ್ ನಡೆಯುತ್ತದೆ ಎಂದು ಭಾಷೆಯೇ ಮಾತು ಕೊಟ್ಟಿತು. ಉಳಿದ ಮೆಮೊರಿಗಿಂತ ಕೊಟ್ಟ ಮಾತು ದೊಡ್ಡದು. ಬೆಲೆಪಟ್ಟಿಯಾಗಲಿ ವಿನ್ಯಾಸಗಳ ಪಟ್ಟಿಯಾಗಲಿ, ಬರೆದವರು ಬರೆದ ಕ್ರಮಕ್ಕೂ ಒಂದು ಅರ್ಥವಿರುತ್ತದೆ.

ಈ ಕ್ರಮಕ್ಕೆ ಅದರದೇ ನಡವಳಿಕೆಯುಂಟು. ‘ಹಂಸ’ದ ವಸ್ತುವನ್ನು ಬದಲಿಸಿದರೆ ಅದರ ಜಾಗ ಬದಲಾಗುವುದಿಲ್ಲ. ‘ಹಂಸ’ವನ್ನು ಅಳಿಸಿ ಮತ್ತೆ ಸೇರಿಸಿದರೆ ಅದು ಕೊನೆಗೆ ಹೋಗುತ್ತದೆ. ಲೂಪ್ ಓಡುತ್ತಿರುವಾಗಲೇ ಹೊಸ ಹೆಸರು ಸೇರಿಸಿದರೆ ಅಥವಾ ಇದ್ದದ್ದನ್ನು ಕಿತ್ತರೆ ಪೈಥಾನ್ ಅಲ್ಲೇ ನಿಂತು, ಓದುತ್ತಿರುವಾಗ ಡಿಕ್ಷನರಿಯ ಗಾತ್ರ ಬದಲಾಯಿತು ಎಂದು ದೂರು ಹೇಳುತ್ತದೆ. ಎಂಟು ಖಾನೆಗಳ ಕೋಶಕ್ಕೆ ಆರನೆಯ ಹೆಸರು ಬಂದರೆ ಖಾನೆಗಳನ್ನೆಲ್ಲ ಹಿಗ್ಗಿಸಿ ಹೊಸದಾಗಿ ಹಂಚಬೇಕಾಗುತ್ತದೆ. ನಡುದಾರಿಯಲ್ಲಿ ಅಂಥದ್ದು ನಡೆದರೆ ಯಾವುದನ್ನು ಓದಿದ್ದಾಯಿತು, ಯಾವುದು ಬಾಕಿ ಎಂಬ ಲೆಕ್ಕ ತಪ್ಪುತ್ತದೆ. ಕೀಲಿಗಳ ಪಟ್ಟಿಯನ್ನು ಮೊದಲು ನಕಲು ಮಾಡಿಕೊಂಡು ಆ ನಕಲಿನ ಮೇಲೆ ಲೂಪ್ ಓಡಿಸುವುದು ಇದಕ್ಕೆ ಪರಿಹಾರ. ಮಗ್ಗದಲ್ಲೂ ರಟ್ಟು ಬದಲಿಸುವವರು ತುಳಿಯುವುದನ್ನು ನಿಲ್ಲಿಸಿಯೇ ಬದಲಿಸುತ್ತಾರೆ.

ರಟ್ಟಿನ ಸರ ಈಗ ಎಲ್ಲ ಕಡೆ ಉಳಿದಿಲ್ಲ. ಇಂಗ್ಲೆಂಡಿನ ಬೋನಾಸ್ ಕಂಪನಿ 1983ರಲ್ಲಿ ಮಿಲಾನ್‌ನ ಜವಳಿ ಯಂತ್ರ ಮೇಳದಲ್ಲಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿದ ಮೇಲೆ ತೂತಿನ ಕೆಲಸವನ್ನು ವಿದ್ಯುತ್ಕಾಂತಗಳು ವಹಿಸಿಕೊಂಡವು. ಅವಕ್ಕೆ ಆಜ್ಞೆ ಬರುವುದು ಕಡತದಿಂದ. ವಿನ್ಯಾಸದ ಚಿತ್ರದಲ್ಲಿ ಅಡ್ಡಸಾಲು ಒಂದೊಂದೂ ಒಂದು ಹೊಕ್ಕು, ಕಪ್ಪು ಚೌಕ ಎಂದರೆ ಎಳೆ ಎತ್ತು, ಬಿಳಿ ಎಂದರೆ ಬಿಡು. ಸೀರೆ ವರ್ಗದ ‘ಸ್ಟ್ರ್’ ಒಳಗೆ ಈ ಚೌಕಗಳನ್ನೇ ಸಾಲುಸಾಲಾಗಿ ಬರೆಸಿದರೆ, ಮೇಲಿನ ಎರಡು ಸಾಲಿನ ಲೂಪ್ ಕೋಶದ ಒಂದೊಂದು ವಿನ್ಯಾಸವನ್ನೂ ಗ್ರಾಫ್ ಹಾಳೆಯ ರೂಪದಲ್ಲಿ ತೆರೆಯ ಮೇಲೆ ಇಳಿಸುತ್ತದೆ. ರಟ್ಟಿಗೆ ತೂತು ಕೊರೆಯುವವರು ಎದುರಿಗಿಟ್ಟುಕೊಳ್ಳುವ ಹಾಳೆಯೂ ಅಂಥದ್ದೇ.

ಕಡತಕ್ಕೆ ಕೊನೆಯಿದೆ, ಅದನ್ನು ಮೊದಲಿಗೆ ಹೊಲಿಯಲು ದಾರವಿಲ್ಲ. ಅದಕ್ಕಾಗಿ ಎಷ್ಟನೆಯ ಹೊಕ್ಕು ನಡೆದಿದೆ ಎಂದು ಎಣಿಸಿ, ವಿನ್ಯಾಸದ ಸಾಲುಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡಿದರೆ ಸಾಕು. 200 ಸಾಲಿನ ಅಂಚಿನಲ್ಲಿ 12,345ನೆಯ ಹೊಕ್ಕಿಗೆ ಶೇಷ 145, ಆ ಹೊಕ್ಕಿಗೆ 145ನೆಯ ಸಾಲು. ಶೇಷ ಸೊನ್ನೆ ಬಂದರೆ 200ನೆಯದು. ‘ಕಮಲ’ವನ್ನು ಐದನೆಯ ಖಾನೆಗೆ ಕಳಿಸಿದ್ದೂ ಇದೇ ಭಾಗಾಕಾರ.